ಕಾಕಾ ಬೈತಾರೆ, ನಾನು ಯಾರಿಗೆ ವೋಟು ಹಾಕಲಿ?

ಪ್ರಶ್ನೆ: ಸರ್, ನಾನು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹೋದ ವಿಧಾನಸಭೆ ಚುನಾವಣೆಯಲ್ಲಿ ನಮ್ಮಲ್ಲಿ ಒಬ್ಬರು ಪಕ್ಷೇತರರಾಗಿ ನಿಂತಿದ್ದರು. ತೊಗರಿಗೆ ಸರಿಯಾದ ದರ ಕೊಡಿ ಅಂತ ರೈತರ ಜೊತೆ ಬಿಸಿಲಲ್ಲಿ ಕೂತವರು, ಯಾರ ಹತ್ತು ರೂಪಾಯಿನೂ ಮುಟ್ಟಿದವರಲ್ಲ. ಉಳಿದ ಇಬ್ಬರು ದೊಡ್ಡ ಪಕ್ಷದವರು. ಒಬ್ಬನ ಮೇಲೆ ಕೇಸುಗಳಿವೆ, ಇನ್ನೊಬ್ಬರು ಹಿಂದೆ ಗೆದ್ದಾಗ ಊರಿಗೆ ಮುಖ ತೋರಿಸಿರಲಿಲ್ಲ. ನಾನು ಪಕ್ಷೇತರರಿಗೆ ಹಾಕಿದೆ. ಕೇಸಿನವನು ಗೆದ್ದ. "ನಿನ್ನಂಥವ್ರಿಂದಾನೇ ಅವ ಗೆದ್ದಾನ, ವೋಟು ಒಯ್ದು ಹಳ್ಳಕ್ಕ ಹಾಕಿದಿ" ಅಂತ ನಮ್ಮ ಕಾಕಾ ಇವತ್ತಿಗೂ ಬೈತಾರೆ. ಮುಂದಿನ ಸಲ ಏನು ಮಾಡಲಿ? ನೋಟಾ ಒತ್ತಿಬಿಡಲಾ?
ಹೆಸರು ಬೇಡ ಅಂದ ಓದುಗ, ಕಲಬುರಗಿ ಜಿಲ್ಲೆ

ಉತ್ತರ: ಎಲ್ಲ ಬರೆದಿದ್ದೀರಿ, ಬೇಕಾದ ಲೆಕ್ಕ ಮಾತ್ರ ಬರೆದಿಲ್ಲ. ಅದೂ ಲೆಕ್ಕ ಬರೆಯುವವರಾಗಿ! ಗೆದ್ದವನ ಅಂತರ ಎಷ್ಟು, ನಿಮ್ಮ ಪಕ್ಷೇತರರಿಗೆ ಬಿದ್ದದ್ದು ಎಷ್ಟು? ಅಂತರ ಇಪ್ಪತ್ತು ಸಾವಿರ, ಪಕ್ಷೇತರರಿಗೆ ಮೂರು ಸಾವಿರ ಅಂದರೆ ಕಾಕಾ ಸುಮ್ನೆ ಬೈತಿದ್ದಾರೆ. ಆ ಮೂರು ಸಾವಿರವನ್ನೂ ಎತ್ತಿ ಇನ್ನೊಬ್ಬರ ಬುಟ್ಟಿಗೆ ಸುರಿದಿದ್ದರೂ ಅವನೇ ಗೆಲ್ಲುತ್ತಿದ್ದ. ಅಂತರ ಎಂಟುನೂರು ಅಂದರೆ ಅವರ ಮಾತಲ್ಲಿ ಹುರುಳಿದೆ. ಆಗಲೂ ಪೂರ್ತಿ ಅಲ್ಲ, ಯಾಕಂದ್ರೆ ಆ ಮೂರು ಸಾವಿರ ಜನರಲ್ಲಿ ಕೆಲವರು ಆ ಕೇಸಿನವನಿಗೇ ಹಾಕುತ್ತಿದ್ದರೇನೋ, ಕೆಲವರು ಹೊದ್ದು ಮಲಗುತ್ತಿದ್ದರೇನೋ.

ಒಂದು ವೋಟಿಗೆ ಏನಾಗುತ್ತೆ ಅನ್ನುವವರಿಗೆ ನಾನು ಎರಡು ಊರಿನ ಹೆಸರು ಹೇಳುತ್ತೇನೆ. 2004ರಲ್ಲಿ ಚಾಮರಾಜನಗರ ಕಡೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು ಬರೀ ಒಂದು ವೋಟಿನಿಂದ. ಸೋತವರ ಕಾರಿನ ಡ್ರೈವರೇ ಅವತ್ತು ವೋಟು ಹಾಕಿರಲಿಲ್ಲ ಅಂತ ಜನ ಇವತ್ತಿಗೂ ಹೇಳುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಜೇವರ್ಗಿಯನ್ನೇ ನೋಡಿ. 2008ರಲ್ಲಿ ಧರಂ ಸಿಂಗ್ ಅವರು ಸೋತದ್ದು 70 ವೋಟಿನಿಂದ. ಮುಖ್ಯಮಂತ್ರಿ ಆಗಿದ್ದವರು, ಎಷ್ಟೋ ಸಲ ಅಲ್ಲಿಂದಲೇ ಗೆದ್ದು ಬಂದವರು. 70 ವೋಟು ಅಂದರೆ ನಮ್ಮಲ್ಲಿ ಎರಡು ದೊಡ್ಡ ಮನೆತನ ಸೇರಿದರೆ ಆಯ್ತು.

ನಿಮ್ಮ ಕಾಕಾನ ಬೈಗುಳ ಅಮೆರಿಕದಲ್ಲೂ ಇದೆ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯದಲ್ಲಿ ಬುಷ್ ಅವರು ಅಲ್ ಗೋರ್ ಅವರಿಗಿಂತ 537 ವೋಟು ಮುಂದೆ ಬಂದರು, ಅದರಿಂದಲೇ ಇಡೀ ದೇಶ ಗೆದ್ದರು. ಅದೇ ರಾಜ್ಯದಲ್ಲಿ ರಾಲ್ಫ್ ನೇಡರ್ ಅನ್ನುವ ಮೂರನೆಯವರಿಗೆ 97,488 ವೋಟು ಬಿದ್ದಿದ್ದವು. ಗ್ರಾಹಕರ ಪರ ಹೋರಾಡಿ ಹೆಸರು ಮಾಡಿದವರು ಅವರು. ಅವರಿಗೆ ಹಾಕಿದವರನ್ನು ಗೋರ್ ಕಡೆಯವರು ವರ್ಷಗಟ್ಟಲೆ ಬೈದರು. ಬೈಸಿಕೊಂಡವರ ಉತ್ತರ ಏನು ಗೊತ್ತಾ? "ನಮ್ಮ ವೋಟು ಬೇಕಿದ್ದರೆ ನಿಮ್ಮ ಅಭ್ಯರ್ಥಿ ನಮ್ಮನ್ನ ಬಂದು ಕೇಳಬೇಕಿತ್ತು, ಅದೇನು ಅವರಪ್ಪನ ಆಸ್ತಿನಾ?" ಅನ್ನುವ ಧಾಟಿಯದು. ಎರಡೂ ಕಡೆ ನ್ಯಾಯ ಇದೆ ಅನಿಸುತ್ತೆ ಅಲ್ವಾ? ನನಗಂತೂ ಅನಿಸುತ್ತೆ.

ತಪ್ಪು ನಿಮ್ಮದೂ ಅಲ್ಲ, ಕಾಕಾಂದೂ ಅಲ್ಲ, ಎಣಿಸುವ ಪದ್ಧತಿಯದು. ನಮ್ಮಲ್ಲಿ ಯಾರಿಗೆ ಎಲ್ಲರಿಗಿಂತ ಜಾಸ್ತಿಯೋ ಅವರೇ ಗೆದ್ದರು. ಅರ್ಧಕ್ಕಿಂತ ಹೆಚ್ಚು ಬರಬೇಕು ಅಂತಿಲ್ಲ. ನೂರರಲ್ಲಿ ಅರವತ್ತೈದು ಜನ "ಇವನೊಬ್ಬ ಬೇಡ" ಅಂದು ಮೂರು ಕಡೆ ಹಂಚಿಹೋದರೆ, ಉಳಿದ ಮೂವತ್ತೈದರಲ್ಲಿ ಅವನೇ ಶಾಸಕ.

ಮಜಾ ಏನಂದ್ರೆ, ಈ ತಲೆನೋವೇ ಇಲ್ಲದ ಒಂದು ಚುನಾವಣೆ ನಮ್ಮ ಕಲಬುರಗಿ, ಬೀದರ್, ಯಾದಗಿರಿಯಲ್ಲೇ ನಡೆಯುತ್ತೆ. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರರ ಕ್ಷೇತ್ರ. 2024ರ ಜೂನ್‌ನಲ್ಲಿ ಆಯ್ತಲ್ಲ, ಅದು. ಅಲ್ಲಿ ಬಟನ್ ಇಲ್ಲ, ಕಾಗದ. ಮೆಚ್ಚಿದವರ ಮುಂದೆ 1, ಅವರು ಆಗದಿದ್ದರೆ ಯಾರು ಅನ್ನುವವರ ಮುಂದೆ 2, ಹೀಗೆ ಬರೆಯಬೇಕು. ಅರ್ಧಕ್ಕಿಂತ ಜಾಸ್ತಿ ಯಾರಿಗೂ ಬರದಿದ್ದರೆ ಕೊನೆಯಲ್ಲಿರುವವರನ್ನು ತೆಗೆದು, ಅವರ ಕಾಗದಗಳಲ್ಲಿ 2 ಅಂತ ಯಾರಿಗೆ ಇದೆಯೋ ಅವರಿಗೆ ಹಂಚುತ್ತಾ ಹೋಗುತ್ತಾರೆ. ಅಂದರೆ ನಿಮ್ಮ ತೊಗರಿ ಹೋರಾಟದವರಿಗೆ ಧೈರ್ಯವಾಗಿ 1 ಕೊಟ್ಟು, ಊರಿಗೆ ಬಾರದವರಿಗೆ 2 ಕೊಡಬಹುದು. ವೋಟು ಹಳ್ಳಕ್ಕೆ ಹೋಗುವುದಿಲ್ಲ, ಕಾಕಾನೂ ಬೈಯುವುದಿಲ್ಲ. ಆಸ್ಟ್ರೇಲಿಯಾದವರು ತಮ್ಮ ಸಂಸತ್ತಿಗೇ ನೂರು ವರ್ಷದಿಂದ ಹೀಗೆ ಆರಿಸುತ್ತಿದ್ದಾರೆ.

ನೀವು ಪದವಿ ಮುಗಿಸಿ ಮೂರು ವರ್ಷ ಆಗಿದ್ದರೆ ಆ ಪಟ್ಟಿಗೆ ಹೆಸರು ಸೇರಿಸಿ, ನಮೂನೆ 18 ಅಂತ ಬರುತ್ತೆ. ಪ್ರತಿ ಸಲ ಪಟ್ಟಿ ಹೊಸದಾಗಿ ಮಾಡುತ್ತಾರೆ, ಹಿಂದೆ ಇತ್ತು ಅಂತ ಕೂತರೆ ಹೆಸರು ಇರುವುದಿಲ್ಲ. ಇನ್ನೊಂದು, ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು. ಜೇಬಿನ ಪೆನ್ನು ತೆಗೆದು ರೈಟ್ ಮಾರ್ಕ್ ಹಾಕಿ ವೋಟು ಕೆಡಿಸಿಕೊಂಡು ಬರುವ ಪದವೀಧರರು ಪ್ರತಿ ಸಲ ಇರುತ್ತಾರೆ. ಎಸ್ಸೆಸ್ಸೆಲ್ಸಿ ಫೇಲಾದವರನ್ನು ನಾವು ಸುಮ್ನೆ ಆಡಿಕೊಳ್ಳುತ್ತೇವೆ.

ನೋಟಾ ವಿಷಯ ಬೇಗ ಮುಗಿಸುತ್ತೇನೆ. ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ ಮೇಲೆ ಅದು ಬಂತು. ಆದರೆ ಶಾಸಕರ, ಸಂಸದರ ಚುನಾವಣೆಯಲ್ಲಿ ನೋಟಾಗೆ ಎಲ್ಲರಿಗಿಂತ ಜಾಸ್ತಿ ಬಿದ್ದರೂ ಅದರ ನಂತರ ಇರುವ ಮನುಷ್ಯನೇ ಗೆದ್ದಂತೆ. 2024ರಲ್ಲಿ ಇಂದೋರ್‌ನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಜನ ನೋಟಾ ಒತ್ತಿದರು, ಗೆದ್ದವರು ಹನ್ನೊಂದು ಲಕ್ಷ ಚಿಲ್ಲರೆ ಅಂತರದಲ್ಲಿ ಗೆದ್ದು ದಿಲ್ಲಿಗೆ ಹೋದರು. ಠೇವಣಿ ಉಳಿಸಿಕೊಳ್ಳಲು ಆರರಲ್ಲಿ ಒಂದು ಪಾಲು ವೋಟು ಬೇಕಲ್ಲ, ಆ ಲೆಕ್ಕಕ್ಕೂ ನೋಟಾ ಬರುವುದಿಲ್ಲ. ಮೆಚ್ಚುವಂಥವರು ಒಬ್ಬರು ಕಣದಲ್ಲಿ ಇರುವಾಗ ನೀವು ನೋಟಾ ಯಾಕೆ ಒತ್ತಬೇಕು? ಅದು ಯಾರೂ ಇಲ್ಲದವರಿಗೆ.

ಈಗ ನನ್ನ ಕತೆ. ಎರಡೂ ಮಾಡಿ ನೋಡಿದ್ದೇನೆ. ಒಂದು ಚುನಾವಣೆಯಲ್ಲಿ "ಇದ್ದುದರಲ್ಲಿ ಇವನೇ ವಾಸಿ" ಅಂತ ಹಲ್ಲು ಕಚ್ಚಿ ಒಬ್ಬನಿಗೆ ಹಾಕಿದೆ. ಗೆದ್ದ. ಸ್ವಲ್ಪ ದಿನಕ್ಕೇ, ಯಾವ ಪಕ್ಷ ಬೇಡ ಅಂತ ಅವನಿಗೆ ಹಾಕಿದ್ದೆನೋ ಅದೇ ಪಕ್ಷದ ಶಾಲು ಹೊದ್ದುಕೊಂಡು ನಮ್ಮ ಓಣಿಗೆ ಬಂದ! 2019ರಲ್ಲಿ 17 ಶಾಸಕರು ಅನರ್ಹರಾದ ರಾಜ್ಯ ನಮ್ಮದು, ಆಶ್ಚರ್ಯಪಡಬಾರದಿತ್ತು, ಆದರೂ ಆ ರಾತ್ರಿ ರೊಟ್ಟಿ ಇಳಿಯಲಿಲ್ಲ. ಇನ್ನೊಂದು ಸಲ, ನಮ್ಮ ವಾರ್ಡಿನಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು ನಿಂತಿದ್ದರು, ಅವರಿಗೆ ಹಾಕಿದೆ. ಅವರಿಗೆ ಬಿದ್ದದ್ದು ಇನ್ನೂರು ಚಿಲ್ಲರೆ ವೋಟು, ಠೇವಣಿ ಹೋಯಿತು. ಎಲ್ಲರೂ ನಕ್ಕರು. ಆದರೆ ಮುಂದಿನ ಚುನಾವಣೆಗೆ ಇಬ್ಬರೂ ದೊಡ್ಡ ಅಭ್ಯರ್ಥಿಗಳು ಆ ಇನ್ನೂರು ವೋಟಿಗಾಗಿ ಮೇಷ್ಟ್ರ ಮನೆ ಕಟ್ಟೆ ಮೇಲೆ ಬಂದು ಕೂತು ಚಹಾ ಕುಡಿದರು. ಅವರು ಕೂಗಿ ಕೂಗಿ ಸುಸ್ತಾಗಿದ್ದ ಚರಂಡಿ ಇಬ್ಬರ ಕರಪತ್ರದಲ್ಲೂ ಬಂತು. ಅರ್ಧ ಚರಂಡಿ ಆಗಿಯೂ ಇದೆ. ಉಳಿದರ್ಧ ಕೇಳಬೇಡಿ.

ಸೋತವರ ವೋಟನ್ನೂ ಎಣಿಸಿ ಇಟ್ಟುಕೊಳ್ಳುವವರು ಇದ್ದಾರೆ, ಅದು ನನಗೆ ಅವತ್ತು ಗೊತ್ತಾಯಿತು. ಹಾಗೇ, ಪ್ರತಿ ಸಲ ಕಣ್ಣು ಮುಚ್ಚಿ "ಇದ್ದುದರಲ್ಲಿ ವಾಸಿ"ಗೇ ಹಾಕುವವರ ವೋಟು ಆ ಪಕ್ಷದವರ ಜೇಬಲ್ಲಿ ಇದ್ದ ಹಾಗೆ. ಜೇಬಲ್ಲಿ ಇರುವುದನ್ನ ಯಾರು ಹುಡುಕಿಕೊಂಡು ಬರುತ್ತಾರೆ?

ಹಾಗಾದರೆ ನಿಮಗೆ ಏನು ಹೇಳಲಿ? ಚುನಾವಣೆಗೆ ಒಂದು ವಾರ ಇರುವಾಗ ಚಹಾದಂಗಡಿ, ಬಸ್ ಸ್ಟ್ಯಾಂಡ್, ನಿಮ್ಮ ಅಂಗಡಿಗೆ ಬರುವ ರೈತರು, ಎಲ್ಲರ ಮಾತೂ ಕೇಳಿ. ಒಬ್ಬರು ಸಲೀಸಾಗಿ ಗೆಲ್ಲುವ ಹಾಗಿದ್ದರೆ ನಿಮ್ಮ ಪಕ್ಷೇತರರಿಗೇ ಹಾಕಿ, ಅಲ್ಲಿ ವೋಟು ಹಾಳಾಗುವ ಮಾತೇ ಇಲ್ಲ. ಕತ್ತಿಯಂಚಿನ ಸ್ಪರ್ಧೆ ಅನಿಸಿದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಆ ಕೇಸಿನವನು ಗೆದ್ದರೆ ಯಾರಿಗೆ ಏಟು? ನಿಮಗೆ ಬೇಜಾರಾಗುವುದು ಅಷ್ಟೇನಾ, ಅಥವಾ ಊರಲ್ಲಿ ಯಾರಾದರೂ ನಿಜವಾಗಿ ಹೆದರಿ ಬದುಕಬೇಕಾಗುತ್ತಾ? ಎರಡನೆಯದಾದರೆ ನಾನು ಊರಿಗೆ ಬಾರದವರಿಗೇ ಹಾಕುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ವೋಟು ಹಾಕುವುದು ಹಾರ ಹಾಕಿದಂತೆ ಅಲ್ಲವಲ್ಲ. ಪಕ್ಷೇತರರಿಗೆ ಚಂದಾ ಕೊಡಿ, ಅವರ ಸಭೆಗೆ ಕುರ್ಚಿ ಹಾಕಿ, ಅದೂ ಲೆಕ್ಕಕ್ಕೆ ಬರುತ್ತೆ.

ಮತ್ತೆ, "ಕೇಸುಗಳಿವೆ" ಅಂದಿರಿ. ಎಂಥ ಕೇಸು? ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಎಲ್ಲ ಬರೆದಿರುತ್ತೆ, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಫೋನಿನಲ್ಲೇ ನೋಡಬಹುದು. ಕೊಲೆ ಯತ್ನ ಬೇರೆ, ರಸ್ತೆ ತಡೆ ಬೇರೆ. ತೊಗರಿ ದರಕ್ಕೆ ಬೀದಿಗಿಳಿದ ನಿಮ್ಮ ಪಕ್ಷೇತರರ ಮೇಲೂ ಒಂದೆರಡು ಕೇಸು ಇದ್ದರೂ ಇರಬಹುದು, ನೋಡಿ.

ಪ್ರಶ್ನೆ: ನಾನು ಒಂದು ಪಕ್ಷ, ನಮ್ಮ ಮನೆಯವರು ಇನ್ನೊಂದು. ನನ್ನ ವೋಟು ಅವರ ವೋಟನ್ನ ಹೊಡೆದು ಹಾಕುತ್ತೆ. ಇಬ್ಬರೂ ಹೋಗದೆ ಮನೆಯಲ್ಲೇ ಇದ್ದರೆ ಲೆಕ್ಕ ಸಮ ಅಲ್ವಾ? ಬಿಸಿಲಲ್ಲಿ ನಿಲ್ಲೋದಾದರೂ ತಪ್ಪುತ್ತೆ.
ಗೃಹಿಣಿ, ಬೀದರ್

ಉತ್ತರ: ಅಕ್ಕಾ, ಲೆಕ್ಕ ಸರಿಯಾಗಿದೆ. ಆದರೆ ಅವತ್ತು ಮಧ್ಯಾಹ್ನ ನಿಮ್ಮ ಮನೆಯವರು "ಸ್ವಲ್ಪ ಹಾಲು ತಗೊಂಡು ಬರ್ತೀನಿ" ಅಂತ ಹೊರಗೆ ಹೋದರೆ ಬಂದ ಮೇಲೆ ಅವರ ಬೆರಳು ನೋಡಿ.

ಪ್ರಶ್ನೆ: ನಾವು ಪುಣೆಯಲ್ಲಿ ಕಟ್ಟಡ ಕೆಲಸ ಮಾಡುತ್ತೇವೆ. ಊರಿಗೆ ಬಂದು ಹೋದರೆ ಮೂರು ದಿನದ ಪಗಾರ ಹೋಗುತ್ತೆ. ನಿಂತವರಲ್ಲಿ ಯಾರೂ ಮನಸ್ಸಿಗೆ ಬಂದಿಲ್ಲ. ಒಬ್ಬರು ಗಾಡಿ ಕಳಿಸುತ್ತೇವೆ ಅಂದಿದ್ದಾರೆ. ಬರಬೇಕಾ?
ಶಹಾಪುರ ತಾಲೂಕಿನ ಓದುಗ, ಯಾದಗಿರಿ ಜಿಲ್ಲೆ

ಉತ್ತರ: ಕಾನೂನಿನ ಪ್ರಕಾರ ಮತದಾನದ ದಿನ ದಿನಗೂಲಿಯವರಿಗೂ ಪಗಾರ ಸಮೇತ ರಜೆ ಇದೆ. ನಿಮ್ಮ ಮೇಸ್ತ್ರಿಗೆ ಇದನ್ನ ಹೇಳಿದರೆ ಏನನ್ನುತ್ತಾನೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಅದಕ್ಕೇ ದುಡಿದು ತಿನ್ನುವವರಿಗೆ "ಬಂದೇ ಬರಬೇಕು" ಅಂತ ಇಲ್ಲಿ ಫ್ಯಾನ್ ಕೆಳಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಗಾಡಿಯದು ಮಾತ್ರ ಕೇಳಿ: ಮತದಾರರನ್ನು ಬಿಟ್ಟಿಯಾಗಿ ಮತಗಟ್ಟೆಗೆ ಕರೆತರಲು ಅಭ್ಯರ್ಥಿ ಗಾಡಿ ಮಾಡುವುದು ಚುನಾವಣಾ ಅಕ್ರಮ. ಹತ್ತಿದರೂ ಯಾರಿಗೆ ಒತ್ತಿದಿರಿ ಅಂತ ಅವರಿಗೆ ತಿಳಿಯುವುದಿಲ್ಲ, ಅದನ್ನ ನೆನಪಿಟ್ಟುಕೊಳ್ಳಿ.

ಒಂದೇ ಸಲ ಬರಲು ಸಾಧ್ಯ ಅಂದರೆ ಗ್ರಾಮ ಪಂಚಾಯಿತಿ ಚುನಾವಣೆಗೆ ಬನ್ನಿ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ನಿಂತವರು ಎಲ್ಲರೂ ಗೊತ್ತಿರುವ ಮುಖ. ನಿಮ್ಮ ವಾರ್ಡಿಗೆ ಮೂರು ಸೀಟು ಇದ್ದರೆ ನಿಮಗೂ ಮೂರು ವೋಟು, ಒಬ್ಬರಿಗೆ ಒಂದರಂತೆ. ಒಂದು ಮನಸ್ಸಿಗೆ ಬಂದವರಿಗೆ ಹಾಕಿ, ಇನ್ನೊಂದು ಕೆಲಸ ಮಾಡಿಸುವವರಿಗೆ. ಮೂರನೆಯದು ಮಾವನ ಮಗನಿಗೆ ಹೋಗುತ್ತೆ ಅಂತ ಗೊತ್ತು, ಇರಲಿ.