ಜರ್ಮನಿಗೆ ಹೊರಟವರ ಪ್ರಶ್ನೆಗಳು

ಸ್ಟುಟ್‌ಗಾರ್ಟ್‌ನಲ್ಲಿ ವರ್ಷಕ್ಕೆ 58,000 ಯೂರೋ ಸಂಬಳದ ಕೆಲಸ ಸಿಕ್ಕಿದೆ. ಮೊದಲು ಒಬ್ಬನೇ ಹೋಗಿ, ಆಮೇಲೆ ಹೆಂಡತಿಯನ್ನು ಕರೆಸಿಕೊಳ್ಳುವ ಯೋಚನೆ. ತಿಂಗಳಿಗೆ ಎಷ್ಟು ಉಳಿಸಬಹುದು?
– ಓದುಗರು, ದಾವಣಗೆರೆ

ರೂಪಾಯಿ ಲೆಕ್ಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಎಲ್ಲ ಕಳೆದು ಒಂಟಿಯಾಗಿರುವವರ ಕೈಗೆ ಬರುವುದು ತಿಂಗಳಿಗೆ ಸುಮಾರು 3,000 ಯೂರೋ. ಸ್ಟುಟ್‌ಗಾರ್ಟ್‌ನಲ್ಲಿ ಚಿಕ್ಕ ಮನೆಗೂ ಬಾಡಿಗೆ 1,000 ದಾಟುವುದು ಸಾಮಾನ್ಯ. ಜಾಹೀರಾತಿನಲ್ಲಿ ‘ಕಾಲ್ಟ್’ ಎಂದಿದ್ದರೆ ಅದು ಬರೀ ಗೋಡೆಗಳ ಬಾಡಿಗೆ. ‘ವಾರ್ಮ್’ ಎಂದಿದ್ದರೆ ಬಿಸಿ ಮಾಡುವ ಖರ್ಚು, ಕಟ್ಟಡದ ನಿರ್ವಹಣೆ ಸೇರಿರುತ್ತದೆ. ವಿದ್ಯುತ್ತು, ಇಂಟರ್ನೆಟ್ ಸಾಮಾನ್ಯವಾಗಿ ಬೇರೆ. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕವನ್ನೂ ಕಟ್ಟಬೇಕು. ಮುಂಗಡ ಗರಿಷ್ಠ ಮೂರು ತಿಂಗಳ ಕಾಲ್ಟ್ ಬಾಡಿಗೆ. ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗೆ ಕಾನೂನಿನಲ್ಲೇ ಇದೆ. ಮೊದಲ ಸಂಬಳ ಬರುವುದು ತಿಂಗಳ ಕೊನೆಗೆ, ಹಾಗಾಗಿ 5,000 ಯೂರೋ ಕೈಯಲ್ಲಿಟ್ಟುಕೊಂಡೇ ಹೊರಡಿ.

ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಅದನ್ನು ಕೊಡಲು ಒಪ್ಪದವರ ಮನೆಯನ್ನು, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಹಿಡಿಯಬೇಡಿ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆ ಸಂಖ್ಯೆ ಕೊಡದಿದ್ದರೆ ಕಂಪನಿ ನಿಮ್ಮನ್ನು ಆರನೇ ತೆರಿಗೆ ವರ್ಗಕ್ಕೆ ಹಾಕಿ ಸಂಬಳದಲ್ಲಿ ದೊಡ್ಡ ಪಾಲು ಹಿಡಿದುಕೊಳ್ಳುತ್ತದೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿರಬೇಕು, ಇಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ.

ಹೆಂಡತಿ ಅಲ್ಲಿಗೆ ಬಂದು ನೆಲೆಸಿದ ಮೇಲೆ ಮೂರನೇ ವರ್ಗಕ್ಕೆ ಬದಲಾಯಿಸಿಕೊಳ್ಳಬಹುದು, ಅವರಿಗೆ ಗಳಿಕೆ ಇಲ್ಲದಿದ್ದರೆ ಕೈಗೆ ಬರುವ ಹಣ ಚೆನ್ನಾಗಿ ಹೆಚ್ಚುತ್ತದೆ. ಅದಕ್ಕೆ ಮದುವೆ ನೋಂದಣಿ ಪತ್ರ ಬೇಕು. ನಮ್ಮವರು ಎಡವುವುದು ಇಲ್ಲೇ: ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಅಂಕಪಟ್ಟಿಯಲ್ಲಿ ಒಂದೇ ಅಕ್ಷರ, ಮದುವೆ ಪತ್ರದಲ್ಲಿ ಊರಿನ ಹೆಸರೂ ಸೇರಿಕೊಂಡಿರುತ್ತದೆ. ಹೆಸರನ್ನು ಎಲ್ಲೆಡೆ ಒಂದೇ ರೀತಿ ಮಾಡಿಸುವ ಕೆಲಸವನ್ನು ಇಲ್ಲೇ ಮುಗಿಸಿ.

ಪಿಂಚಣಿಗೆ ಕಟ್ಟಿದ್ದು ಹಾಳಾಗುವುದಿಲ್ಲ. 60 ತಿಂಗಳು ತುಂಬುವ ಮೊದಲೇ ಯುರೋಪ್ ಬಿಟ್ಟು ಬಂದರೆ, 24 ತಿಂಗಳು ಕಳೆದ ಮೇಲೆ ನಿಮ್ಮ ಪಾಲನ್ನು ವಾಪಸ್ ಕೇಳಬಹುದು. ಕಂಪನಿಯ ಪಾಲು ಸಿಗುವುದಿಲ್ಲ. ಐದು ವರ್ಷ ತುಂಬಿದರೆ ನಿವೃತ್ತಿ ವಯಸ್ಸಿನಲ್ಲಿ ಪಿಂಚಣಿಯೇ ಬರುತ್ತದೆ.

ಬಾಡಿಗೆ ಮನೆಯಲ್ಲಿ ಅಡುಗೆಮನೆಯೇ ಇರುವುದಿಲ್ಲವಂತೆ, ನಿಜವೇ? ಮಿಕ್ಸಿ, ಕುಕ್ಕರ್ ಒಯ್ಯಬೇಕೆ?
– ಓದುಗರು, ಹುಬ್ಬಳ್ಳಿ

ನಿಜ. ಎಷ್ಟೋ ಮನೆಗಳಲ್ಲಿ ಒಲೆ, ಸಿಂಕು, ಕಪಾಟು ಯಾವುದೂ ಇರುವುದಿಲ್ಲ, ನಲ್ಲಿಯ ಕೊಳವೆ ಮಾತ್ರ ಗೋಡೆಯಿಂದ ಹೊರಗೆ ಚಾಚಿರುತ್ತದೆ. ಖಾಲಿ ಮಾಡುವವರಿಂದ ಹಳೆಯದನ್ನೇ ಕೊಂಡರೆ ಅಗ್ಗ. ಮಿಕ್ಸಿಯನ್ನು ಧೈರ್ಯವಾಗಿ ಒಯ್ಯಿರಿ, ಅಲ್ಲೂ ಇಲ್ಲಿನಂತೆ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಅಡಾಪ್ಟರ್ ಸಾಕು. ಅಮೆರಿಕಕ್ಕಾದರೆ ಈ ಮಾತು ಹೇಳುತ್ತಿರಲಿಲ್ಲ, ಅಲ್ಲಿ 120 ವೋಲ್ಟ್. ಸಾದಾ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗುವುದಿಲ್ಲ. ತಳಕ್ಕೆ ಆಯಸ್ಕಾಂತ ಅಂಟುವ ಕುಕ್ಕರ್ ಆರಿಸಿ.

ಕುಕ್ಕರ್‌ಗಿಂತ ಅದರ ಆವಿಯ ಕಡೆ ಹೆಚ್ಚು ಗಮನವಿರಲಿ. ಚಳಿಗಾಲದಲ್ಲಿ ಹೊರಗೋಡೆ ತಣ್ಣಗಿರುತ್ತದೆ. ಸಾರು ಕುದಿಸಿದ ಆವಿ, ಒಳಗೆ ಒಣಹಾಕಿದ ಬಟ್ಟೆಯ ತೇವ ಹೋಗಿ ಆ ಗೋಡೆಯ ಮೇಲೆ, ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ, ಕೂರುತ್ತದೆ. ಒಂದೆರಡು ತಿಂಗಳಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು. ಬಿಡುವಾಗ ಅದರ ಖರ್ಚನ್ನು ಮುಂಗಡದಲ್ಲಿ ಮುರಿದುಕೊಳ್ಳುತ್ತಾರೆ. ದಿನಕ್ಕೆ ಎರಡು ಮೂರು ಸಲ, 5ರಿಂದ 10 ನಿಮಿಷ, ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆಯಿರಿ. ದಿನವಿಡೀ ಸ್ವಲ್ಪವೇ ಓರೆ ಮಾಡಿಟ್ಟರೆ ಗೋಡೆ ಇನ್ನಷ್ಟು ತಣ್ಣಗಾಗಿ ಬೂಷ್ಟು ಹೆಚ್ಚುತ್ತದೆ. ಬೀರು ಹೊರಗೋಡೆಯಿಂದ ಒಂದು ಗೇಣು ದೂರವಿರಲಿ.

ಅಪ್ಪನ ಹೆಸರಿನಲ್ಲಿ ನಾಲ್ಕು ಎಕರೆ ಅಡಿಕೆ ತೋಟವಿದೆ. ನಾನು ಹೊರಗೆ ಹೋದರೆ ಅದಕ್ಕೆ ತೊಂದರೆಯೇ?
– ಓದುಗರು, ಸಾಗರ

ಅಪ್ಪನ ನಂತರ ವಾರಸುದಾರರಾಗಿ ನಿಮಗೆ ಬರಲು ಅಡ್ಡಿಯಿಲ್ಲ, ಪೌತಿ ಖಾತೆ ಮಾಡಿಸಿಕೊಳ್ಳಬಹುದು. ಆದರೆ ಅನಿವಾಸಿಯಾದ ಮೇಲೆ ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. 2020ರ ಭೂ ಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾದುದು ನಿಜ, ಆದರೆ ಅನಿವಾಸಿಗಳಿಗೆ ವಿದೇಶಿ ವಿನಿಮಯ ಕಾಯ್ದೆಯ ತಡೆ ಹಾಗೇ ಇದೆ. ಅಪ್ಪ ನಿಮ್ಮ ಹೆಸರಿಗೆ ಬರೆದುಕೊಡುವ ಮನಸ್ಸಿನಲ್ಲಿದ್ದರೆ ಹೊರಡುವ ಮೊದಲೇ ಮುಗಿಸಿ.

ನಿಮ್ಮ ಪರವಾಗಿ ಇಲ್ಲಿನ ವ್ಯವಹಾರ ನೋಡಿಕೊಳ್ಳುವವರಿಗೆ ಅಲ್ಲಿಂದ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸುವುದಾದರೆ ಭಾರತೀಯ ದೂತಾವಾಸದ ಅಧಿಕಾರಿಯ ಮುಂದೆ ಸಹಿ ಹಾಕಬೇಕು. ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವು ಮರೆತು ಉಪನೋಂದಣಾಧಿಕಾರಿ ಕಚೇರಿಯಿಂದ ಬರಿಗೈಯಲ್ಲಿ ವಾಪಸಾಗಬೇಡಿ. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳು ಭಾರತದಲ್ಲಿನ ಗಳಿಕೆಯನ್ನು ಇಡುವ ಖಾತೆಯಾಗಿ ಬದಲಾಯಿಸಿ, ತೋಟದ ಹಣ ಅಲ್ಲಿಗೇ ಬರಲಿ. ಅದರ ಬಡ್ಡಿಗೆ ಶೇ 30ರ ಮೇಲೆ ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಜರ್ಮನಿಯ ಸಂಬಳ ಕಳಿಸಲು ಬೇರೆ ಎನ್‌ಆರ್‌ಇ ಖಾತೆ ಇಡಿ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ.

ಅಪ್ಪ ಅಮ್ಮನನ್ನು ಶಾಶ್ವತವಾಗಿ ಕರೆಸಿಕೊಳ್ಳಬಹುದೇ?
– ಓದುಗರು, ಮೈಸೂರು

ಕುಶಲ ಕೆಲಸಗಾರರ ವಾಸ ಪರವಾನಗಿಯನ್ನು 2024ರ ಮಾರ್ಚ್ 1ರಂದು ಅಥವಾ ಆನಂತರ ಮೊದಲ ಸಲ ಪಡೆದವರಿಗೆ ಈ ದಾರಿ ತೆರೆದಿದೆ. ಆದರೆ ಅವರ ಜೀವನಕ್ಕೂ ಆರೋಗ್ಯ ವಿಮೆಗೂ ನೀವೇ ಹೊಣೆ. ಎಪ್ಪತ್ತರ ಹತ್ತಿರದ, ಬಿಪಿ–ಶುಗರ್ ಇರುವ ಹಿರಿಯರಿಗೆ ವಿಮೆ ಸಿಗುವುದೇ ದೊಡ್ಡ ಗೋಡೆ. ಪರವಾನಗಿಗೆ ಅರ್ಜಿ ಹಾಕುವ ಮೊದಲೇ ವಿಮಾ ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಭೇಟಿಗೆ ಬರುವುದಾದರೆ 180 ದಿನಗಳಲ್ಲಿ 90 ದಿನ ಇರಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಮೊದಲೇ ಇದ್ದ ಕಾಯಿಲೆಗಳನ್ನು ಈ ವಿಮೆಗಳು ಬಹುಪಾಲು ಹೊರಗಿಡುತ್ತವೆ, ಹಾಗಾಗಿ ಮೂರು ತಿಂಗಳಿಗಾಗುವಷ್ಟು ಮಾತ್ರೆ ಮತ್ತು ವೈದ್ಯರ ಇಂಗ್ಲಿಷ್ ಚೀಟಿ ಕೈಚೀಲದಲ್ಲೇ ಇರಲಿ. ಇಲ್ಲಿನ ಅವರ ಆರೋಗ್ಯ ವಿಮೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ.