‘ಇಂಟರೆಸ್ಟ್’ ಜೊತೆ ಯಾವ ಪದ ಕೂರುತ್ತದೆ?

ಪ್ರಶ್ನೆ: ಕೆಲಸದ ಅರ್ಜಿಯಲ್ಲಿ ‘ಐ ಹ್ಯಾವ್ ಹೈ ಇಂಟರೆಸ್ಟ್ ಆನ್ ಟೀಚಿಂಗ್’ ಎಂದು ಬರೆದೆ. ತಪ್ಪು ಅಂದರು. ಅರ್ಥ ಆಗುತ್ತಲ್ಲ, ತಪ್ಪೇನು?

ಉತ್ತರ: ‘ಅರ್ಥ ಆಗುತ್ತಲ್ಲ’ ಅನ್ನೋ ಮಾತನ್ನು ದಯವಿಟ್ಟು ಬಿಡಿ. ಪ್ರತಿ ಸಲವೂ ಇದೇ ವಾದ ಬರುತ್ತೆ. ಓದುವವರು ಕಷ್ಟಪಟ್ಟು ಅರ್ಥ ಮಾಡಿಕೊಂಡರೆ ಅರ್ಜಿ ಚೆನ್ನಾಗಿದೆ ಅಂತಲ್ಲ.

‘ಹೈ’, ‘ಆನ್’ ಎರಡೂ ಸೇರಿದರೆ ನೆನಪಾಗೋದು ಬಡ್ಡಿ. ‘ಹೈ ಇಂಟರೆಸ್ಟ್ ಆನ್ ದ ಲೋನ್’ ಸರಿ. ಆಸಕ್ತಿಯಾದರೆ ‘ಎ ಕೀನ್ ಇಂಟರೆಸ್ಟ್ ಇನ್ ಟೀಚಿಂಗ್’. ಅರ್ಥ ಬದಲಾದ ಕೂಡಲೇ ಅಕ್ಕಪಕ್ಕದ ಪದಗಳೂ ಬದಲಾಗುತ್ತವೆ. ಆಸಕ್ತಿಯನ್ನು ‘ಶೋ’, ‘ಎಕ್ಸ್‌ಪ್ರೆಸ್’, ‘ಲೂಸ್’ ಮಾಡುತ್ತಾರೆ. ಬಡ್ಡಿಯನ್ನು ಬ್ಯಾಂಕ್ ‘ಚಾರ್ಜ್’ ಮಾಡುತ್ತೆ, ಸಾಲಗಾರ ‘ಪೇ’ ಮಾಡುತ್ತಾನೆ, ಠೇವಣಿ ‘ಅರ್ನ್’ ಮಾಡುತ್ತೆ. ‘ಟೇಕ್ ಅನ್ ಇಂಟರೆಸ್ಟ್’ನಲ್ಲಿರುವ ‘ಅನ್’ ಬಡ್ಡಿಗೆ ಬೇಡ; ‘ಪೇ ಇಂಟರೆಸ್ಟ್’ ಅಷ್ಟೇ.

ಹಿತ ಅನ್ನೋ ಅರ್ಥದಲ್ಲಿ ‘ಇನ್ ದ ಪಬ್ಲಿಕ್ ಇಂಟರೆಸ್ಟ್’, ‘ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್’ ಇವೆ. ಇವನ್ನು ಇಡಿಯಾಗಿಯೇ ಕಲಿಯಬೇಕು, ಮನಸ್ಸಿಗೆ ಬಂದಂತೆ ಪದ ಬದಲಿಸಬಾರದು.

ನಾನು ಜಾಸ್ತಿ ಹುಷಾರಾಗಿರೋದು ನಾಲ್ಕನೆಯ ಅರ್ಥದ ಬಗ್ಗೆ: ವ್ಯವಹಾರದಲ್ಲಿ ಪಾಲು. ‘ಎ ಕಂಟ್ರೋಲಿಂಗ್ ಇಂಟರೆಸ್ಟ್ ಇನ್ ದ ಕಂಪನಿ’ ಅಂದರೆ ಕಂಪನಿಯನ್ನು ಹಿಡಿತದಲ್ಲಿಡುವಷ್ಟು ಪಾಲು. ಇಲ್ಲೂ ‘ಇನ್’ ಬರುತ್ತೆ, ನೋಡಿ. ಹಾಗಾಗಿ ‘ಐ ಹ್ಯಾವ್ ಅನ್ ಇಂಟರೆಸ್ಟ್ ಇನ್ ಯುವರ್ ಕಂಪನಿ’ ಎಂದು ಬರೆದರೆ ನಿಮಗೆ ಅಲ್ಲಿ ಪಾಲಿದೆ ಅಂತಲೂ ಓದಬಹುದು. ‘ಐ ಆಮ್ ಇಂಟರೆಸ್ಟೆಡ್ ಇನ್ ವರ್ಕಿಂಗ್ ಫಾರ್ ಯು’ ಎಂದು ಬರೆದುಬಿಡಿ, ಗೊಂದಲವೇ ಇರಲ್ಲ.

ಪ್ರಶ್ನೆ: ‘ಟೇಕ್ ಚಾರ್ಜ್’ ಅಂದರೆ ದುಡ್ಡು ತಗೊಳ್ಳೋದಾ?

ಉತ್ತರ: ಅಲ್ಲ, ಹೊಣೆ ವಹಿಸಿಕೊಳ್ಳೋದು.

ಪ್ರಶ್ನೆ: ಸಾವಿರ ಪದಜೋಡಿಗಳ ಪಟ್ಟಿ ಬಾಯಿಪಾಠ ಮಾಡಿದರೆ ಒಂದೇ ತಿಂಗಳಲ್ಲಿ ಇಂಗ್ಲಿಷ್ ಬರುತ್ತೆ ಅಂತಾರೆ. ಆ ಕೋರ್ಸ್ ಸೇರಲಾ?

ಉತ್ತರ: ಬೇಡ. ಹೀಗೆ ಆಸೆ ಹುಟ್ಟಿಸಿ ದುಡ್ಡು ಕೀಳುವವರ ಮೇಲೆ ನನಗೆ ಸಿಟ್ಟಿದೆ. ವಾಕ್ಯವೇ ಇಲ್ಲದ ಪಟ್ಟಿಯಲ್ಲಿ ‘ಹೈ ಇಂಟರೆಸ್ಟ್’, ‘ಕೀನ್ ಇಂಟರೆಸ್ಟ್’ ಅಕ್ಕಪಕ್ಕ ಕೂತಿರುತ್ತವೆ. ಯಾವುದು ಬಡ್ಡಿಗೆ, ಯಾವುದು ಆಸಕ್ತಿಗೆ ಅಂತ ಅದು ಹೇಳಲ್ಲ. ಅರ್ಥಗಳನ್ನು ಬಿಡಿಸಿ, ಒಂದೊಂದಕ್ಕೂ ಉದಾಹರಣೆ ವಾಕ್ಯ ಕೊಡುವ ನಿಘಂಟು ಇಟ್ಟುಕೊಳ್ಳಿ. ಒಂದು ಅರ್ಥಕ್ಕೆ ನೋಟ್‌ಬುಕ್ಕಿನ ಒಂದು ಪುಟ ಬಿಡಿ, ವಾಕ್ಯವನ್ನು ಪೂರ್ತಿ ಬರೆದುಕೊಳ್ಳಿ.