ಎಷ್ಟು ಮೀಟಿದರೂ ಬಾಯಿ ತೆರೆಯದ ಫಿಲ್ಟರ್

ಗಿಟಾರ್ ಸ್ವರ ಸರಿಯಾಗಿ ಹೊರಬರುತ್ತಿದೆ, ಆದರೆ ಎಷ್ಟು ಜೋರಾಗಿ ಮೀಟಿದರೂ ಎನ್ವಲಪ್ ಫಿಲ್ಟರ್ (ಮೀಟಿನ ಜೋರಿಗೆ ತಕ್ಕಂತೆ ಸ್ವರದ ಬಣ್ಣ ಬದಲಿಸುವ ಪೆಡಲ್) ಕದಲುತ್ತಿಲ್ಲ ಎಂದಿದ್ದೀರಿ. ಬೆಸುಗೆ ಬಿಚ್ಚಲು ಹೋಗಬೇಡಿ. ನಿಮ್ಮದು 1970ರ ದಶಕದ ಮ್ಯೂಟ್ರಾನ್ 3 ಪೆಡಲಿನಂತೆ ಎಲ್‌ಇಡಿ ಮತ್ತು ಎಲ್‌ಡಿಆರ್ (ಬೆಳಕು ಬಿದ್ದಾಗ ರೋಧ ಇಳಿಯುವ ರೆಸಿಸ್ಟರ್) ಜೋಡಿ ಇರುವ ಸರ್ಕ್ಯೂಟ್ ಆದ್ದರಿಂದ ಪರೀಕ್ಷೆ ಸುಲಭ. ಜೋಡಿಯ ಕಪ್ಪು ಹೊದಿಕೆ ತೆಗೆದು, ಕೋಣೆಯ ದೀಪ ಆರಿಸಿ, ತಂತಿ ಮೀಟುತ್ತ ಎಲ್‌ಡಿಆರ್ ಮೇಲೆ ಮೊಬೈಲ್ ಟಾರ್ಚನ್ನು ಅತ್ತಿತ್ತ ಆಡಿಸಿ. ಸ್ವರ ಬಾಯಿ ತೆರೆದು ಮುಚ್ಚಿದಂತೆ ಬದಲಾದರೆ ಫಿಲ್ಟರ್ ನಿರಪರಾಧಿ. ಕಳ್ಳ ಅಡಗಿರುವುದು ಮೀಟಿನ ಜೋರು ಅಳೆದು ಎಲ್‌ಇಡಿ ಬೆಳಗಿಸುವ ಎನ್ವಲಪ್ ಭಾಗದಲ್ಲಿ.

ಈಗ ಎಲ್‌ಇಡಿ ಗಮನಿಸಿ. ಮೀಟಿದಾಗ ಮಿನುಗದಿದ್ದರೆ ಅದನ್ನೋ 1ಎನ್4148 ಡಯೋಡನ್ನೋ ತಿರುಗಿಸಿ ಕೂರಿಸಿರುವ ಸಂಭವ ಹೆಚ್ಚು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಈ ಡಯೋಡಿನ ಕಪ್ಪು ಪಟ್ಟಿ ಇರುವ ತುದಿ ಕ್ಯಾಥೋಡ್, ಅಂದರೆ ಋಣ ತುದಿ. ಇದು ಗೊತ್ತಿದ್ದೂ ನಾನು ಎರಡು ಸಂಜೆ ಹಾಳುಮಾಡಿಕೊಂಡವನು! ಎರಡೂ ಸರಿಯಿದ್ದರೆ ಮಲ್ಟಿಮೀಟರ್ ಹಿಡಿಯಿರಿ. 9 ವೋಲ್ಟ್ ಬ್ಯಾಟರಿಯಲ್ಲಿ, ಡಯೋಡಿಗೆ ಮುಂಚಿನ ಆಪ್‌ಆಂಪ್‌ನ (ಸಂಕೇತ ಹಿಗ್ಗಿಸುವ ಚಿಪ್) ಔಟ್‌ಪುಟ್ ಸಾಮಾನ್ಯವಾಗಿ 4.5 ವೋಲ್ಟ್ ಆಸುಪಾಸಿನಲ್ಲಿರಬೇಕು. 0 ಅಥವಾ 9ರ ಹತ್ತಿರ ಅಂಟಿಕೊಂಡಿದ್ದರೆ ಆ ಅರ್ಧ ವೋಲ್ಟೇಜನ್ನು ಒದಗಿಸುವ ಬಯಾಸ್ ರೆಸಿಸ್ಟರ್‌ಗಳನ್ನು ನೋಡಿ.

ಎಲ್‌ಇಡಿ ಚೆನ್ನಾಗಿ ಮಿನುಗಿಯೂ ಫಿಲ್ಟರ್ ಸುಮ್ಮನಿದ್ದರೆ, ಡಬ್ಬಿ ತೆರೆದಿಟ್ಟು ಟ್ಯೂಬ್‌ಲೈಟ್ ಕೆಳಗೆ ನುಡಿಸುತ್ತಿದ್ದಿರಾ? ಹೊರಗಿನ ಬೆಳಕಿಗೇ ಎಲ್‌ಡಿಆರ್‌ನ ರೋಧ ಇಳಿದುಬಿಟ್ಟಿರುತ್ತದೆ, ಎಲ್‌ಇಡಿ ಮಿನುಗಿದರೂ ಹೆಚ್ಚು ಬದಲಾಗದು. ಜೋಡಿಗೆ ಬಿಸಿಗೆ ಕುಗ್ಗುವ ಕಪ್ಪು ಹೀಟ್‌ಶ್ರಿಂಕ್ ಕೊಳವೆ ತೊಡಿಸಿ, ಎರಡೂ ತುದಿ ಬಿಗಿಯಾಗಿ ಮುಚ್ಚಿ ನೋಡಿ.